ಗೈಡ್ ಜೊತೆ ಬೆಟ್ಟದ ತೊರೇಲಿ ಫ್ಲೈ ಫಿಶಿಂಗ್: ಆ ಒಂದು ದಿನಾನ ಪೂರ್ತಿ ಉಪಯೋಗಿಸ್ಕೊಳ್ಳೋದು ಹೇಗೆ

ಗೈಡ್ ಇಟ್ಕೊಂಡು ಫ್ಲೈ ಫಿಶಿಂಗ್‌ಗೆ ಹೋಗಿ ಬಂದೋರನ್ನ ಕೇಳಿದ್ರೆ ಸಾಮಾನ್ಯವಾಗಿ ಮೊದ್ಲು ಹೇಳೋದು ಎಷ್ಟು ಮೀನು ಸಿಕ್ತು ಅಂತ. ಖುಷಿ ಇರೋದು ಸಹಜ, ತಪ್ಪೇನಿಲ್ಲ. ಆದ್ರೆ ನನ್ನ ಪ್ರಕಾರ ಗೈಡ್ ಹತ್ರ ಸಿಗೋ ದೊಡ್ಡ ವಸ್ತು ಮೀನಲ್ಲ, ಅವರ ಕಣ್ಣು. ವರ್ಷಗಟ್ಲೆ ಅದೇ ನೀರನ್ನ ನೋಡಿ ನೋಡಿ, ಯಾವ ಕಲ್ಲಿನ ಹಿಂದೆ ಮೀನು (ಇಲ್ಲಿ ಮೀನು ಅಂದ್ರೆ ತಣ್ಣೀರಿನ ಟ್ರೌಟ್) ನಿಂತಿರತ್ತೆ, ಬಿಸಿಲು ಎಲ್ಲಿಗ್ ಬಂದಾಗ ಹುಳ ಏಳತ್ತೆ ಅಂತ ಅವರಿಗೆ ಗೊತ್ತಿರತ್ತೆ, ಅದನ್ನ ಒಂದು ದಿನದ ಮಟ್ಟಿಗೆ ನಮಗೆ ಕೊಡ್ತಾರೆ. ಅದನ್ನ ಪೂರ್ತಿ ತಗೊಂಡು ಬರೋದು ಹೇಗೆ ಅಂತ ಹೇಳೋಕೇ ಇದನ್ನ ಬರೀತಿದೀನಿ.

ಹೊಸಬರಿಗೆ ಒಂದು ಮಾತು. ಮಾಮೂಲಿ ಗಾಳದಲ್ಲಿ ತುದೀಲಿರೋ ಗುಂಡಿನ ಭಾರ ದಾರಾನ ಎಳ್ಕೊಂಡು ಹೋಗತ್ತೆ. ಫ್ಲೈ ಫಿಶಿಂಗ್‌ನಲ್ಲಿ ತುದೀಲಿರೋದು ಪುಕ್ಕ, ಕೂದಲು, ದಾರ ಸುತ್ತಿ ಹುಳದ ಥರ ಮಾಡಿರೋ ಸಣ್ಣ ಕೊಕ್ಕೆ, ಅದೇ ಫ್ಲೈ, ಅದಕ್ಕೆ ತೂಕಾನೇ ಇರಲ್ಲ. ಇಲ್ಲಿ ಭಾರ ಇರೋದು ಲೈನ್‌ನಲ್ಲಿ, ಅಂದ್ರೆ ದಪ್ಪ ದಾರದಲ್ಲಿ. ನಾವು ಎಸೆಯೋದು ಲೈನನ್ನ, ಫ್ಲೈ ಅದರ ಹಿಂದೆ ಸುಮ್ನೆ ಹೋಗತ್ತೆ. ಇದು ತಲೇಲಿ ಕೂತ್ರೆ ಅರ್ಧ ಕಷ್ಟ ಕಮ್ಮಿ ಆಗತ್ತೆ, ಯಾಕಂದ್ರೆ ಜೋರಾಗಿ ಎಸೆದ್ರೆ ದೂರ ಹೋಗತ್ತೆ ಅನ್ನೋ ಹಳೇ ಅಭ್ಯಾಸ ಇಲ್ಲಿ ಕೆಲ್ಸಕ್ಕೆ ಬರಲ್ಲ.

ಗೈಡ್ ಹುಡುಕುವಾಗ ಮೊದ್ಲು ಕೇಳ್ಬೇಕಾಗಿರೋ ಪ್ರಶ್ನೆ "ಮೀನು ಗ್ಯಾರಂಟೀನಾ" ಅಂತ ಅಲ್ಲ. ಗ್ಯಾರಂಟಿ ಕೊಡೋರ ಹತ್ರ ನಾನಂತೂ ಹೋಗಲ್ಲ. ಆ ನೀರಲ್ಲಿ ಎಷ್ಟು ವರ್ಷದಿಂದ ಇದಾರೆ, ಒಂದ್ಸಲಕ್ಕೆ ಎಷ್ಟು ಜನರನ್ನ ಕರ್ಕೊಂಡ್ ಹೋಗ್ತಾರೆ (ಸಣ್ಣ ತೊರೇಲಿ ಇಬ್ಬರಿಗಿಂತ ಹೆಚ್ಚಾದ್ರೆ ಮೀನು ಹೆದರಿ ಅಡಗ್ಕೊಳ್ಳತ್ತೆ), ಪರ್ಮಿಟ್ ಯಾರು ಮಾಡಿಸ್ತಾರೆ, ಫಸ್ಟ್ ಏಡ್ ಟ್ರೈನಿಂಗ್ ಆಗಿದೆಯಾ, ಫೋನ್ ಸಿಗ್ನಲ್ ಇಲ್ದಿರೋ ಜಾಗದಲ್ಲಿ ಏನಾದ್ರೂ ಆದ್ರೆ ಏನ್ ಮಾಡ್ತಾರೆ, ರಾಡು (ಗಾಳದ ಕೋಲು), ವೇಡರು (ನೀರಲ್ಲಿ ನಿಲ್ಲೋಕೆ ಹಾಕೋ ವಾಟರ್‌ಪ್ರೂಫ್ ಪ್ಯಾಂಟು) ಅವರೇ ಕೊಡ್ತಾರಾ, ಎಷ್ಟು ದೂರ ನಡೀಬೇಕು, ಇಷ್ಟು ಕೇಳಿ. ಆಮೇಲೆ ಇನ್ನೊಂದು ಕೇಳಿ: ನೀರು ಬಿಸಿಯಾಗಿದ್ರೆ ಅಥವಾ ಮಳೆ ಬಂದು ಕೆಂಪಾಗಿದ್ರೆ ಏನ್ ಮಾಡ್ತೀರಾ? "ಅವತ್ತು ಬೇಡ, ಬೇರೆ ದಿನ ಇಟ್ಕೊಳೋಣ" ಅನ್ನೋರು ಸಿಕ್ರೆ ಅವರನ್ನ ಬಿಡ್ಬೇಡಿ. ದುಡ್ಡು ಕೈತಪ್ಪಿದ್ರೂ ಪರ್ವಾಗಿಲ್ಲ ತೊರೆ ಮುಖ್ಯ ಅನ್ನೋರು ಅವರು.

ಅವರು ನಿಮ್ಮನ್ನೂ ಕೇಳ್ತಾರೆ, ಎಸೆಯೋಕೆ ಬರತ್ತಾ, ಮೊಣಕಾಲು ಸರಿಯಿದೆಯಾ, ಈಜು ಬರತ್ತಾ ಅಂತ. ಇದ್ದಿದ್ದನ್ನ ಇದ್ದ ಹಾಗೇ ಹೇಳ್ಬಿಡಿ. ನನ್ನ ಮೊದಲನೇ ಟ್ರಿಪ್‌ಗೆ ಮುಂಚೆ ಫೋನಲ್ಲಿ "ಬರತ್ತೆ, ಚೆನ್ನಾಗೇ ಬರತ್ತೆ" ಅಂದಿದ್ದೆ, ಅವರು ನನ್ನ ಮಾತು ನಂಬಿ ಮೇಲಿನ ಕಡಿದಾದ ಭಾಗಕ್ಕೆ ಕರ್ಕೊಂಡ್ ಹೋದ್ರು, ಅಲ್ಲಿ ಎರಡೂ ಕಡೆ ಮರ ಬಾಗಿ ತಲೆ ಮೇಲೆ ಚಪ್ಪರ ಹಾಕ್ದಂಗಿತ್ತು, ಮೊದಲ ಎರಡು ಗಂಟೆ ನಾನು ಕೊಂಬೆಯಿಂದ ಫ್ಲೈ ಬಿಡಿಸೋದ್ರಲ್ಲೇ ಕಳೆದೆ. ಗೈಡ್ ಒಂದು ಮಾತೂ ಆಡ್ಲಿಲ್ಲ, ಆದ್ರೆ ಆ ಎರಡು ಗಂಟೆ ವಾಪಸ್ ಬರ್ಲಿಲ್ಲ. ನಿಜ ಹೇಳಿದ್ರೆ ಅವರು ಅದಕ್ಕೆ ತಕ್ಕ ಜಾಗ ಆರಿಸ್ತಾರೆ, ಅಷ್ಟೇ ವಿಷಯ.

ಹೋಗೋಕೆ ಎರಡು ವಾರ ಮುಂಚೆ ದಿನಾ ಹದಿನೈದು ನಿಮಿಷ ಬಯಲಲ್ಲಿ ಪ್ರಾಕ್ಟೀಸ್ ಮಾಡಿ. ಕೊಕ್ಕೆ ಬೇಡ, ಲೀಡರ್ (ಲೈನಿಗೂ ಫ್ಲೈಗೂ ಮಧ್ಯೆ ಕಟ್ಟೋ ತೆಳು ದಾರ) ತುದಿಗೆ ಒಂದು ಚೂರು ಉಲ್ಲನ್ ದಾರ ಕಟ್ಕೊಳ್ಳಿ ಸಾಕು. ರಾಡ್ ತುದೀನ ಗಡಿಯಾರದ ಮುಳ್ಳು ಅನ್ಕೊಂಡ್ರೆ ಮುಂದೆ ಹತ್ತು ಗಂಟೆ, ಹಿಂದೆ ಒಂದು ಗಂಟೆ, ಅದಕ್ಕಿಂತ ಹಿಂದೆ ಹೋಗ್ಬಾರ್ದು. ಎಲ್ಲರೂ ಎಡವೋದು ಹಿಂದಿನ ಎಸೆತದಲ್ಲಿ. ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋಕೆ ಟೈಮ್ ಕೊಡ್ಬೇಕು, ಆ ಸಣ್ಣ ನಿಲುಗಡೆ ಇಲ್ದೆ ಮುಂದೆ ತಳ್ಳಿದ್ರೆ ಚಾವಟಿ ಥರ ಚಟ್ ಅಂತ ಸದ್ದು ಬರತ್ತೆ, ಫ್ಲೈ ಕಿತ್ಕೊಂಡು ಹೋಗತ್ತೆ. ಕತ್ತು ತಿರುಗ್ಸಿ ಹಿಂದೆ ನೋಡ್ಕೊಂಡೇ ಎಸೀರಿ, ನಾಚಿಕೆ ಏನೂ ಬೇಡ. ದೂರದ ಆಸೆ ಬಿಟ್ಬಿಡಿ, ಬೆಟ್ಟದ ತೊರೇಲಿ 20ರಿಂದ 30 ಅಡಿ ಧಾರಾಳ ಆಯ್ತು. ಆ 20 ಅಡೀಲಿ ಒಂದು ಊಟದ ತಟ್ಟೆಯಷ್ಟು ಜಾಗಕ್ಕೆ ಫ್ಲೈ ಬೀಳ್ಸೋಕೆ ಬಂದ್ರೆ ನೀವು ತಯಾರಾದಂಗೆ. ಜೊತೆಗೆ ರೋಲ್ ಕಾಸ್ಟ್ ಒಂದು ಕಲೀರಿ, ಹಿಂದೆ ಮರ ಇದ್ದಾಗ ಲೈನನ್ನ ಹಿಂದಕ್ಕೆ ಎಸೀದೇನೆ ಮುಂದೆ ಉರುಳ್ಸೋದು ಅದು. ಆದ್ರೆ ರೋಲ್ ಕಾಸ್ಟ್‌ಗೆ ಲೈನ್ ನೀರನ್ನ ಹಿಡ್ಕೊಳ್ಬೇಕು, ಒಣ ಹುಲ್ಲಲ್ಲಿ ಸರಿಯಾಗಿ ಬರಲ್ಲ, ಕೆರೆ ದಡ ಸಿಕ್ರೆ ಅಲ್ಲಿ ಮಾಡಿ.

ಸಾಮಾನಿನ ವಿಷ್ಯ ಬೇಗ ಮುಗಿಸ್ತೀನಿ, ಯಾಕಂದ್ರೆ ಬಹಳಷ್ಟು ಗೈಡ್‌ಗಳೇ ಕೊಡ್ತಾರೆ. ಸಣ್ಣ ತೊರೆಗೆ ಏಳೂವರೆ ಅಡಿಯಿಂದ ಎಂಟೂವರೆ ಅಡಿ ರಾಡ್, 3 ಅಥವಾ 4 ವೇಟ್ ಲೈನ್ (ವೇಟ್ ಅಂದ್ರೆ ಲೈನಿನ ಭಾರದ ನಂಬರ್, ಸಣ್ಣ ನಂಬರ್ ಹಗುರ). ಲೀಡರ್ ಏಳೂವರೆಯಿಂದ ಒಂಬತ್ತು ಅಡಿ. ಲೀಡರ್ ತುದೀಲಿ ಕಟ್ಟೋ ಇನ್ನೂ ತೆಳು ದಾರ, ಅಂದ್ರೆ ಟಿಪೆಟ್, 5ಎಕ್ಸ್ ಇದ್ರೆ ಹೆಚ್ಚು ಕಡಿಮೆ ಎಲ್ಲಾ ಕಡೆ ನಡೆಯತ್ತೆ. ಈ ಎಕ್ಸ್ ಲೆಕ್ಕ ಜನಕ್ಕೆ ಗಲಿಬಿಲಿ ಮಾಡತ್ತೆ, ಸುಲಭ ಇದೆ: 11ರಿಂದ ಎಕ್ಸ್ ನಂಬರ್ ಕಳೀರಿ, ಬಂದಿದ್ದು ಇಂಚಿನ ಸಾವಿರದಲ್ಲಿ ಅಷ್ಟು ಭಾಗ ದಪ್ಪ. 5ಎಕ್ಸ್ ಅಂದ್ರೆ ಸಾವಿರದಲ್ಲಿ 6 ಭಾಗ, ಸುಮಾರು 0.15 ಮಿಲಿಮೀಟರ್. ಹಾಗಾಗಿ ನಂಬರ್ ಜಾಸ್ತಿ ಆದಂಗೆ ದಾರ ತೆಳು. ಕೊಕ್ಕೆ ಸೈಜ್‌ನೂ ಹಂಗೇ, 18 ಅನ್ನೋದು 14ಕ್ಕಿಂತ ಸಣ್ಣದು. ಕೊಕ್ಕೆ ಸೈಜನ್ನ ಮೂರರಿಂದ ಭಾಗಿಸಿದ್ರೆ ಯಾವ ಟಿಪೆಟ್ ಅಂತ ಅಂದಾಜು ಸಿಗತ್ತೆ, 16ರ ಕೊಕ್ಕೆಗೆ 5ಎಕ್ಸ್. ಗಂಟು ಬಿಗಿಯೋಕೆ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣಗಿದ ದಾರ ಉಜ್ಜಿದಾಗ ಬಿಸಿಯಾಗಿ ಅಲ್ಲೇ ಬಲ ಕಳ್ಕೊಳ್ಳತ್ತೆ. ನೀವು ತಪ್ಪದೇ ತಗೊಂಡ್ ಹೋಗ್ಬೇಕಾಗಿರೋದು ಎರಡೇ: ಪೋಲರೈಸ್ಡ್ ಕನ್ನಡಕ, ಅಂಚಿರೋ ಟೋಪಿ. ಕನ್ನಡಕ ನೀರಿನ ಮೇಲಿನ ಹೊಳಪನ್ನ ತೆಗೆದು ತಳ ತೋರಿಸತ್ತೆ, ಕೊಕ್ಕೆ ಹಾರಿ ಬಂದ್ರೆ ಕಣ್ಣನ್ನೂ ಉಳಿಸತ್ತೆ. ಬಟ್ಟೆ ಮಾಸಲು ಬಣ್ಣದ್ದು ಹಾಕಿ, ಬಿಳಿ ಶರ್ಟ್ ಬೇಡ.

ಬೂಟಿನ ಬಗ್ಗೆ ಮಾತ್ರ ಸ್ವಲ್ಪ ನಿಂತ್ಕೊಂಡು ಹೇಳ್ಬೇಕು. ನಿಮ್ಮ ಸ್ವಂತ ವೇಡಿಂಗ್ ಬೂಟ್ ಇದ್ರೆ ಹೋಗೋಕೆ ಮುಂಚೆ ತೊಳೆದು ಪೂರ್ತಿ ಒಣಗಿಸಿ. ಒಂದು ತೊರೆಯ ಪಾಚಿ, ಮೀನಿನ ರೋಗ ಇನ್ನೊಂದು ತೊರೆಗೆ ನಮ್ಮ ಕಾಲಿನ ಮೂಲಕಾನೂ ಹೋಗತ್ತೆ. ಡಿಡಿಮೋ ಅನ್ನೋ ಪಾಚಿ ಹೀಗೇ ಹರಡತ್ತೆ ಅಂತ ನ್ಯೂಜಿಲೆಂಡ್‌ನಲ್ಲಿ 2008ರಲ್ಲಿ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ತಳದ ಬೂಟನ್ನೇ ಬ್ಯಾನ್ ಮಾಡಿದ್ರು, ಯಾಕಂದ್ರೆ ಆ ಫೆಲ್ಟ್ ಬೇಗ ಒಣಗಲ್ಲ, ಒಳಗೆ ಕೂತಿರೋ ಜೀವ ಸಾಯಲ್ಲ. ನೀವು ಹೋಗೋ ಕಡೆ ಏನ್ ನಿಯಮ ಇದೆ ಅಂತ ಗೈಡ್‌ನ ಕೇಳ್ಕೊಳ್ಳಿ.

ಇನ್ನು ಆ ದಿನ. ತೊರೆ ಹತ್ರ ಬಂದ ತಕ್ಷಣ ರಾಡ್ ಬಿಚ್ಚೋ ಆತುರ ಬರತ್ತೆ, ಬೇಡ. ಗೈಡ್‌ಗೆ ಹೇಳಿ, "ಮೊದ್ಲು ಹತ್ತು ನಿಮಿಷ ನೀರು ನೋಡೋಣ, ನಿಮಗೆ ಏನ್ ಕಾಣ್ತಿದೆ ಅಂತ ನನಗೆ ಹೇಳ್ತಾ ಹೋಗಿ" ಅಂತ. ಇಡೀ ದಿನದಲ್ಲಿ ಇಷ್ಟು ಬೆಲೆಬಾಳೋ ಹತ್ತು ನಿಮಿಷ ಇನ್ನೊಂದಿಲ್ಲ. ನನ್ನ ಗೈಡ್ ಒಬ್ರು ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನನ್ನೂ ಕೂರಿಸಿ, ಎಮ್ಮೆ ಬೆನ್ನಿನ ಥರ ಎದ್ದಿದ್ದ ಒಂದು ಕಪ್ಪು ಕಲ್ಲನ್ನ ತೋರಿಸಿ ಸುಮ್ಮನಾದ್ರು. ನನಗೆ ಕಂಡಿದ್ದು ಬರೀ ನೀರು. ಐದು ನಿಮಿಷ ಆದ್ಮೇಲೆ ಕಲ್ಲಿನ ಹಿಂದೆ, ಒಂದು ಮೊಳ ಕೆಳಗೆ, ಏನೋ ಬೆಳ್ಳಗೆ ಒಂದ್ಸಲ ಮಿಣುಕಿ ಹೋಯ್ತು. "ಬಾಯಿ" ಅಂದ್ರು. ಮೀನು ಹುಳ ತಿನ್ನೋಕೆ ಬಾಯಿ ತೆರೆದಾಗ ಒಳಗಿನ ಬಿಳುಪು ಕಾಣತ್ತೆ. ಆಮೇಲೆ ಬಾಲ ಕಂಡ್ತು, ಆಮೇಲೆ ತಳದ ಮರಳ ಮೇಲೆ ಅದರ ನೆರಳು, ಆಮೇಲೆ ಪೂರ್ತಿ ಮೀನೇ. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

ನೀರು ಓದೋದು ಅಂದ್ರೆ ಇದೇ. ಟ್ರೌಟ್ ಮೀನಿಗೆ ಮೂರು ಬೇಕು: ಸುಸ್ತಾಗದಂಗೆ ನಿಲ್ಲೋಕೆ ನಿಧಾನದ ನೀರು, ಊಟ ತಂದ್ಕೊಡೋಕೆ ಪಕ್ಕದಲ್ಲೇ ಜೋರು ನೀರು, ಹಕ್ಕಿ ಬಂದ್ರೆ ಓಡಿ ಬಚ್ಚಿಟ್ಕೊಳ್ಳೋಕೆ ಒಂದು ಸಂದಿ. ಈ ಮೂರೂ ಸೇರೋ ಜಾಗ ಹುಡುಕಿ. ಕಲ್ಲಿನ ಹಿಂದೆ ನೀರು ನಿಧಾನ ಆಗೋದು ಎಲ್ಲರಿಗೂ ಗೊತ್ತು, ಆದ್ರೆ ಕಲ್ಲಿನ ಮುಂದೇನೂ ನೀರು ಗುದ್ದಿ ವಾಪಸ್ ಬರೋ ಕಡೆ ಒಂದು ಮೆತ್ತನೆ ಜಾಗ ಇರತ್ತೆ, ಅಲ್ಲೂ ಮೀನು ನಿಲ್ಲತ್ತೆ, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಜೋರು ನೀರೂ ನಿಧಾನದ ನೀರೂ ಪಕ್ಕಪಕ್ಕ ಹರಿಯೋ ಕಡೆ ಒಂದು ಗೆರೆ ಕಾಣತ್ತೆ, ಗೈಡ್‌ಗಳು ಸೀಮ್ ಅಂತಾರೆ. ಆ ಗೆರೆ ಗುರುತು ಹಿಡಿಯೋಕೆ ನೊರೆ ನೋಡಿ. ನೊರೆ ಯಾವ ದಾರೀಲಿ ತೇಲ್ತಾ ಹೋಗತ್ತೋ ನೀರಿಗೆ ಬಿದ್ದ ಹುಳಾನೂ ಅದೇ ದಾರೀಲಿ ಹೋಗತ್ತೆ, ಮೀನಿಗೆ ಅದು ಚೆನ್ನಾಗ್ ಗೊತ್ತು. ಆಮೇಲೆ ಮಡುವಿನ ತಲೆ, ಅಂದ್ರೆ ನೀರು ಧುಮುಕಿ ಮಡುಗೆ ಸೇರೋ ಜಾಗ, ಅಲ್ಲಿ ಗುಳ್ಳೆ ಜಾಸ್ತಿ, ಆಮ್ಲಜನಕ ಜಾಸ್ತಿ, ಮೇಲಿನ ನೊರೆ ಹೊದಿಕೆ ಥರ ಮೀನನ್ನ ಮುಚ್ಚಿಡತ್ತೆ. ಮಡುವಿನ ಬಾಲ, ಅಂದ್ರೆ ನೀರು ತೆಳುವಾಗಿ ಹೊರಗೆ ಹೋಗೋ ಕಡೆ, ಬೆಳಗ್ಗೆ ಸಂಜೆ ಮೀನು ಬರತ್ತೆ ಆದ್ರೆ ತುಂಬಾ ಪುಕ್ಕಲಾಗಿರತ್ತೆ. ನಾವು ಕೆಳಗಿಂದ ಮೇಲೆ ಹತ್ತುವಾಗ ಮೊದ್ಲು ಸಿಗೋದೇ ಈ ಬಾಲ, ಅದನ್ನ ನೋಡ್ದೆ ಕಾಲಿಟ್ರೆ ಅಲ್ಲಿದ್ದ ಮೀನು ಸರ್ ಅಂತ ಮೇಲಕ್ಕೆ ಓಡಿ ಇಡೀ ಮಡುವನ್ನ ಹೆದರಿಸಿಬಿಡತ್ತೆ.

ಕೆಳಗಿಂದ ಮೇಲೆ ಯಾಕೆ ಅಂದ್ರೆ, ಮೀನು ಯಾವಾಗ್ಲೂ ಸೆಳವಿಗೆ ಎದುರಾಗಿ ಮುಖ ಮಾಡಿ ನಿಂತಿರತ್ತೆ, ಅದರ ಬೆನ್ನ ಹಿಂದಿಂದ ಹೋದ್ರೆ ಕಾಣಲ್ಲ. ಇನ್ನೊಂದು ಚೆಂದದ ವಿಷಯ ಇದೆ. ಬೆಳಕು ನೀರೊಳಗೆ ಬರುವಾಗ ಬಾಗೋದ್ರಿಂದ ಮೀನಿಗೆ ಹೊರಗಿನ ಪ್ರಪಂಚ ಕಾಣೋದು ತಲೆ ಮೇಲಿನ ಒಂದು ದುಂಡು ಕಿಟಕಿಯಿಂದ ಮಾತ್ರ, ಆ ಕಿಟಕಿಯ ಅಗಲ ಸುಮಾರು 97 ಡಿಗ್ರಿ ಕೋನ, ಅದರ ಆಚೆ ನೀರಿನ ಮೇಲ್ಮೈ ಕನ್ನಡಿ ಥರ ತಳಾನೇ ತೋರಿಸತ್ತೆ. ದಡದಲ್ಲಿ ನಿಂತಿರೋ ಎತ್ತರದ ಮನುಷ್ಯ ಕಿಟಕಿ ಅಂಚಲ್ಲಿ ಕಂಡ್ಬಿಡ್ತಾನೆ, ಬಗ್ಗಿದೋನು ಕಾಣೋದು ಬಹಳ ಕಮ್ಮಿ. ಅದಕ್ಕೇ ಗೈಡ್ ಬಗ್ಗಿ ಅಂದಾಗ ಬಗ್ಗಿ, ಮೊಣಕಾಲೂರಿ ಅಂದಾಗ ಊರಿ. ನಿಮ್ಮ ನೆರಳು ನೀರಿನ ಮೇಲೆ ಬೀಳ್ದಂಗೆ ನೋಡ್ಕೊಳ್ಳಿ. ಮಾತು ಪರ್ವಾಗಿಲ್ಲ, ಗಾಳೀಲಿ ಆಡಿದ ಮಾತು ನೀರೊಳಗೆ ಅಷ್ಟು ಹೋಗಲ್ಲ, ಆದ್ರೆ ಕಲ್ಲು ಕಲ್ಲಿಗೆ ತಾಗೋ ಕಾಲಿನ ಸದ್ದು ಚೆನ್ನಾಗಿ ಹೋಗತ್ತೆ.

ಯಾವ ಫ್ಲೈ ಅಂತ ಗೈಡ್ ಹೇಳ್ತಾರೆ, ಆದ್ರೆ ಯಾಕೆ ಅಂತ ಕೇಳಿ. ತೊರೆಯ ಒಂದು ಕಲ್ಲನ್ನ ಮೆಲ್ಲಗೆ ಎತ್ತಿ ತಿರುಗಿಸಿ ತೋರ್ಸೋಕೆ ಹೇಳಿ. ತಳಕ್ಕೆ ಅಂಟ್ಕೊಂಡು ಹರಿದಾಡೋ, ಸಾಮಾನ್ಯವಾಗಿ ಮೂರು ಬಾಲದ ಮರಿ ಮೇಫ್ಲೈ ಅನ್ನೋ ಹುಳದ್ದು, ಎರಡು ಬಾಲ ಇದ್ರೆ ಹೆಚ್ಚಾಗಿ ಸ್ಟೋನ್‌ಫ್ಲೈ, ಮರಳಿನ ಕಾಳು ಕಡ್ಡಿ ಚೂರು ಅಂಟಿಸ್ಕೊಂಡು ಗೂಡು ಕಟ್ಟಿದ್ರೆ ಅದು ಕ್ಯಾಡಿಸ್. ಕಲ್ಲನ್ನ ಎತ್ತಿದ ಹಾಗೇ ವಾಪಸ್ ಇಡಿ, ಅದು ಅವುಗಳ ಮನೆ. ಕಲ್ಲಡಿ ಹುಳ ತುಂಬಿದ್ದು ಮೇಲೆ ಏನೂ ಹಾರ್ತಿಲ್ಲ ಅಂದ್ರೆ ಮುಳುಗೋ ನಿಂಫ್, ಮೀನು ಮೇಲೆ ಬಂದು ವೃತ್ತ ಎಬ್ಬಿಸ್ತಿದ್ರೆ ತೇಲೋ ಡ್ರೈ ಫ್ಲೈ. ಯಾವ ಹುಳ ಅಂತ ಖಚಿತ ಆಗ್ದಿದ್ದಾಗ ಗೈಡ್‌ಗಳು ಬಹಳ ಸಲ ಬಾಕ್ಸಿಂದ ತೆಗೆಯೋದು ಆಡಮ್ಸ್ ಅನ್ನೋ ಬೂದು ಬಣ್ಣದ ಫ್ಲೈ, 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಅನ್ನೋರು ಕಟ್ಟಿದ್ದು, ನೂರು ವರ್ಷ ದಾಟಿದ್ರೂ ಮೀನು ಅದನ್ನ ನಂಬತ್ತೆ. ಯಾವುದೇ ಒಂದು ಹುಳವನ್ನ ಅದು ಹೋಲಲ್ಲ, ಸುಮಾರು ಹುಳಗಳನ್ನ ಸ್ವಲ್ಪ ಸ್ವಲ್ಪ ಹೋಲತ್ತೆ. ಬೇರೆ ಬೇರೆ ಖಂಡದ ಬೆಟ್ಟಗಳಲ್ಲೂ ಇದೇ ಫ್ಲೈಗಳು ಕೆಲ್ಸ ಮಾಡೋಕೆ ಒಂದು ಕಾರಣ, ಮೀನೂ ಅದೇ ಜಾತಿ ಆಗಿರೋದು. 1864ರಲ್ಲಿ ಬ್ರೌನ್ ಟ್ರೌಟ್ ಮೊಟ್ಟೆಗಳನ್ನ ಪಾಚಿ, ಐಸ್ ಮಧ್ಯೆ ಇಟ್ಟು ಹಡಗಲ್ಲಿ ಇಂಗ್ಲೆಂಡಿಂದ ಟಾಸ್ಮೇನಿಯಾವರೆಗೆ ಜೀವಂತ ಸಾಗಿಸಿದ್ರು, ಆಮೇಲೆ ಇನ್ನೂ ಎಷ್ಟೋ ಕಡೆ ಬಿಟ್ರು. ಅದರಿಂದ ಕೆಲವು ಕಡೆ ಅಲ್ಲಿನ ಮೂಲ ಮೀನುಗಳಿಗೆ ಏಟು ಬಿದ್ದಿದ್ದೂ ನಿಜ, ಹಾಗಾಗಿ ನೀವು ಹೋಗೋ ತೊರೇಲಿ ಯಾವುದು ಅಲ್ಲೇ ಹುಟ್ಟಿದ ಜಾತಿ, ಯಾವುದು ಹೊರಗಿಂದ ಬಂದದ್ದು ಅಂತಾನೂ ಕೇಳಿ ತಿಳ್ಕೊಳ್ಳಿ.

ಫ್ಲೈ ಕಟ್ಟಾಯ್ತು, ಎಸೆದಾಯ್ತು, ಈಗ ನಿಜವಾದ ಕೆಲ್ಸ ಶುರು: ಅದು ಸಹಜವಾಗಿ ತೇಲ್ಬೇಕು. ನಿಮಗೂ ಫ್ಲೈಗೂ ಮಧ್ಯೆ ಜೋರು ನೀರಿದ್ರೆ ಅದು ಲೈನನ್ನ ಮುಂದೆ ಎಳೆಯತ್ತೆ, ಲೈನ್ ಫ್ಲೈನ ಎಳೆಯತ್ತೆ, ಫ್ಲೈ ಹಿಂದೆ ದೋಣಿ ಹೋದಂಗೆ ಸಣ್ಣ ವಿ ಆಕಾರದ ಗೆರೆ ಬೀಳತ್ತೆ. ಯಾವ ಹುಳಾನೂ ಹಂಗೆ ಹೋಗಲ್ಲ, ಮೀನು ನೋಡಿ ಬಿಟ್ಬಿಡತ್ತೆ. ಇದಕ್ಕೆ ಡ್ರ್ಯಾಗ್ ಅಂತಾರೆ. ಅದು ಗೊತ್ತಾಗೋಕೆ ಒಂದು ಸುಲಭ ದಾರಿ, ಫ್ಲೈ ಪಕ್ಕದಲ್ಲೇ ತೇಲ್ತಿರೋ ಒಂದು ನೊರೆಗುಳ್ಳೆ ಆರಿಸ್ಕೊಳ್ಳಿ. ಎರಡೂ ಜೊತೇಲಿ ಹೋಗ್ತಿದ್ರೆ ಸರಿ. ಗುಳ್ಳೆ ಹಿಂದೆ ಬಿದ್ರೆ ಅಥವಾ ಮುಂದೆ ಹೋದ್ರೆ ಡ್ರ್ಯಾಗ್ ಶುರುವಾಗಿದೆ ಅಂತ. ಆಗ ರಾಡ್ ತುದಿಯಿಂದ ಲೈನನ್ನ ಎತ್ತಿ ಸೆಳವಿನ ಮೇಲ್ಗಡೆಗೆ ಮಗುಚಿ ಹಾಕಿ, ಇದು ಮೆಂಡಿಂಗ್. ಅದಕ್ಕಿಂತ ಒಳ್ಳೇದು, ಹತ್ರ ಹೋಗಿ ರಾಡನ್ನ ಎತ್ತರಕ್ಕೆ ಹಿಡಿದು ಲೈನ್ ಆ ಜೋರು ನೀರನ್ನ ಮುಟ್ಟದಂಗೇ ನೋಡ್ಕೊಳ್ಳೋದು. ಸಣ್ಣ ತೊರೇಲಿ ನಾನು ಹೆಚ್ಚು ಮೀನು ಹಿಡಿದಿರೋದು ಹೀಗೇ, ಎರಡು ರಾಡಿನಷ್ಟು ದೂರದಿಂದ. ಅಲ್ಲಿ ಮೂರೇ ಅಡಿ ಸರಿಯಾಗಿ ತೇಲಿದ್ರೂ ಸಾಕು.

ಮೀನು ಫ್ಲೈನ ಬಾಯಿಗೆ ತಗೊಂಡಾಗ ಕಿತ್ತು ಎಳೀಬೇಡಿ, ರಾಡನ್ನ ಮೇಲಕ್ಕೆ ಎತ್ತಿ ಅಷ್ಟೇ. ನಿಂಫ್ ಆದ್ರೆ ಏನೂ ಕಾಣಲ್ಲ, ಲೀಡರ್‌ಗೆ ಸಿಕ್ಕಿಸಿರೋ ತೇಲೋ ಬೆಂಡು (ಇಂಡಿಕೇಟರ್) ಒಂಚೂರು ನಿಂತಂಗೆ ಆದ್ರೂ ಎತ್ತಿ. ಹತ್ತರಲ್ಲಿ ಏಳೆಂಟು ಸಲ ತಳದ ಕಲ್ಲಾಗಿರತ್ತೆ, ಆದ್ರೂ ಎತ್ತಿ.

ಹಿಡಿದ ಮೀನನ್ನ ವಾಪಸ್ ನೀರಿಗೆ ಬಿಡೋ ವಿಷಯದಲ್ಲಿ ಗೈಡ್ ಎಷ್ಟೇ ಸ್ಟ್ರಿಕ್ಟ್ ಆಗಿದ್ರೂ ಬೇಜಾರಾಗ್ಬೇಡಿ. ಕೊಕ್ಕೆಯ ಹಿಮ್ಮುಳ್ಳನ್ನ ಫೋರ್ಸೆಪ್ಸಿಂದ ಮೊದ್ಲೇ ಅದುಮಿ ಸಪಾಟು ಮಾಡಿರ್ಬೇಕು. ಕೈ ಒದ್ದೆ ಮಾಡ್ಕೊಂಡೇ ಮುಟ್ಟಿ, ಮೀನಿನ ಮೈ ಮೇಲಿನ ಲೋಳೆ ಅದರ ರೋಗ ತಡೆಯೋ ಕವಚ, ಒಣ ಕೈ ಅದನ್ನ ಕಿತ್ತುಬಿಡತ್ತೆ. ಬಲೆ ರಬ್ಬರ್‌ದಿರ್ಲಿ. ಕಿವಿರಿಗೆ ಬೆರಳು ಹಾಕ್ಬೇಡಿ, ಹೊಟ್ಟೆ ಹಿಸುಕ್ಬೇಡಿ. ಫೋಟೋ ಬೇಕಂದ್ರೆ ಕ್ಯಾಮೆರಾ ರೆಡಿ ಆದ್ಮೇಲೆ ಮಾತ್ರ ನೀರಿಂದ ಎತ್ತಿ, ನೀರು ತೊಟ್ಟಿಕ್ಕೋದು ನಿಲ್ಲೋಕೆ ಮುಂಚೆ ವಾಪಸ್ ಇಡಿ. ನಾನೊಂದ್ಸಲ ಫೋಟೋಗೆ ಅಂತ ಜಾಸ್ತಿ ಹೊತ್ತು ಹಿಡಿದಿದ್ದೆ, ಬಿಟ್ಟಾಗ ಅದು ಪಕ್ಕಕ್ಕೆ ವಾಲಿ ಹೊಟ್ಟೆ ಮೇಲಾಗ್ತಾ ಹೋಯ್ತು. ಅದನ್ನ ಸೆಳವಿಗೆ ಮುಖ ಮಾಡಿ ಎರಡೂ ಕೈಲಿ ಹಿಡ್ಕೊಂಡು ಕೂತಿದ್ದೆ, ಕಿವಿರು ಮೆಲ್ಲಗೆ ತೆರೆದು ಮುಚ್ಚೋಕೆ ಶುರುವಾಗಿ, ಕೊನೆಗೆ ಬಾಲ ನನ್ನ ಅಂಗೈ ಒದ್ದು ಹೊರಟ್ತು. ಆ ಫೋಟೋ ಡಿಲೀಟ್ ಮಾಡ್ದೆ.

ನೀರಿನ ಬಿಸಿಯೂ ಇದಕ್ಕೇ ಸೇರಿದ್ದು. ತಣ್ಣೀರಲ್ಲಿ ಆಮ್ಲಜನಕ ಜಾಸ್ತಿ ಕರಗತ್ತೆ, ಸಮುದ್ರ ಮಟ್ಟದ ಲೆಕ್ಕದಲ್ಲಿ 0 ಡಿಗ್ರೀಲಿ ಲೀಟರ್‌ಗೆ ಸುಮಾರು 14.6 ಮಿಲಿಗ್ರಾಂ, 20 ಡಿಗ್ರೀಲಿ ಸುಮಾರು 9.1. ಎತ್ತರ ಹೋದಂಗೆ ಇನ್ನೂ ಕಮ್ಮಿ. ಬಿಸಿ ನೀರಲ್ಲಿ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ಆದ್ರೆ ಸಿಗೋದು ಕಮ್ಮಿ. ಥರ್ಮಾಮೀಟರ್ 20 ಸೆಲ್ಸಿಯಸ್ ತೋರಿಸಿದ್ರೆ ರಾಡ್ ಮಡಚಿ, ಮಧ್ಯಾಹ್ನ ಹನ್ನೆರಡೇ ಆಗಿದ್ರೂ ಸರಿ. ಬಿಟ್ಟ ಮೀನು ಈಜ್ಕೊಂಡು ಹೋದಂಗೆ ಕಂಡ್ರೂ ಆಮೇಲೆ ಸಾಯ್ಬಹುದು.

ನಿಮ್ಮ ಸ್ವಂತ ಜೀವಾನೂ ನೋಡ್ಕೊಳ್ಳಿ. ವೇಡರ್ ಮೇಲೆ ಬೆಲ್ಟ್ ಬಿಗಿಯಾಗಿರ್ಲಿ, ಬಿದ್ರೆ ಒಳಗೆ ನೀರು ತುಂಬೋದು ತಡವಾಗತ್ತೆ. ದಾಟುವಾಗ ಸೆಳವಿಗೆ ಮೈಯ ಪಕ್ಕ ಕೊಟ್ಟು ನಿಂತ್ಕೊಂಡು, ಕೋಲೂರಿ, ಒಂದು ಕಾಲು ಗಟ್ಟಿಯಾದ್ಮೇಲೆ ಇನ್ನೊಂದು ಎತ್ತಿ, ಕಾಲಿಗೆ ಕಾಲು ಕತ್ತರಿ ಹಾಕ್ಬೇಡಿ. ಜೋರು ನೀರು ಮೊಣಕಾಲು ದಾಟಿದ್ರೆ ಗೈಡ್ ಕೈ ಹಿಡೀರಿ ಇಲ್ಲಾಂದ್ರೆ ವಾಪಸ್ ಬನ್ನಿ. ಕೊಚ್ಕೊಂಡು ಹೋದ್ರೆ ಅಂಗಾತ ಮಲಗಿ, ಪಾದ ಕೆಳಗಿನ ದಿಕ್ಕಿಗೆ ಮುಂದೆ ಚಾಚಿ, ಜೋರು ನೀರಲ್ಲಿ ಎದ್ದು ನಿಲ್ಲೋಕೆ ಹೋಗ್ಬೇಡಿ, ಕಲ್ಲಿನ ಸಂದೀಲಿ ಕಾಲು ಸಿಕ್ಕಿದ್ರೆ ಸೆಳವು ನಿಮ್ಮನ್ನ ಮುಳುಗಿಸತ್ತೆ. ತಿಳಿ ನೀರು ಇದ್ದಕ್ಕಿದ್ದಂಗೆ ಕದಡಿದ್ರೆ, ಎಲೆ ಕಡ್ಡಿ ತೇಲಿ ಬರೋಕೆ ಶುರುವಾದ್ರೆ ಮೇಲೆಲ್ಲೋ ಮಳೆಯಾಗಿದೆ, ತಕ್ಷಣ ದಡ ಹತ್ತಿ ಎತ್ತರಕ್ಕೆ ಹೋಗಿ. ಗುಡುಗು ಕೇಳಿದ್ರೆ ರಾಡ್ ಕೆಳಗಿಡಿ, ಗ್ರಾಫೈಟ್ ರಾಡಲ್ಲಿ ಕರೆಂಟ್ ಹರಿಯತ್ತೆ.

ಕೊನೇ ಒಂದು ಗಂಟೆ ಗೈಡ್‌ಗೆ ಹೇಳಿ, "ಈಗ ನೀವು ಏನೂ ಹೇಳ್ಬೇಡಿ, ನಾನೇ ಜಾಗ ಆರಿಸ್ತೀನಿ, ಎಸೆಯೋಕೆ ಮುಂಚೆ ಯಾಕೆ ಅಲ್ಲಿ ಅಂತ ನಿಮಗೆ ಹೇಳ್ತೀನಿ, ತಪ್ಪಿದ್ರೆ ತಿದ್ದಿ" ಅಂತ. ಬೆಳಗ್ಗೆಯಿಂದ ಕೇಳಿದ್ದೆಲ್ಲಾ ನಿಮ್ಮದಾಗೋದು ಈ ಒಂದು ಗಂಟೇಲೇ. ಮೀನು ಬರ್ದಿದ್ರೂ ಪರ್ವಾಗಿಲ್ಲ, ನೀವು ತೋರಿಸಿದ ಜಾಗ ನೋಡಿ ಅವರು ತಲೆ ಆಡಿಸ್ತಾರಲ್ಲ, ಅದು ಬಹಳ ದಿನ ನೆನಪಿರತ್ತೆ.

ಅವತ್ತೇ ರಾತ್ರಿ, ಮರೆಯೋಕೆ ಮುಂಚೆ ಬರ್ದಿಡಿ: ನೀರಿನ ಟೆಂಪರೇಚರ್, ಎಷ್ಟು ಗಂಟೆಗೆ ಯಾವ ಹುಳ ಹಾರ್ತು, ಯಾವ ಥರದ ಜಾಗದಲ್ಲಿ ಮೀನು ಎದ್ದಿತ್ತು, ಎಲ್ಲಿ ಇರ್ಬೇಕಿತ್ತು ಆದ್ರೆ ಇರ್ಲಿಲ್ಲ. ಸಾಧ್ಯ ಆದ್ರೆ ತೊರೆಯ ಒಂದು ಮಡುವಿನ ಚಿತ್ರ ಗೀಚಿ ಬಾಣ ಹಾಕಿ ಸೆಳವು ಗುರುತು ಮಾಡಿ. ಬೂಟು ತೊಳೆದು ಬಿಸಿಲಿಗಿಡೋದು ಬೆಳಗ್ಗೆ ಮಾಡಿದ್ರೂ ಆಗತ್ತೆ, ಆದ್ರೆ ಫ್ಲೈ ಬಾಕ್ಸಿನ ಮುಚ್ಚಳ ಮಾತ್ರ ಆ ರಾತ್ರೀನೇ ತೆರೆದಿಡಿ, ಒದ್ದೆ ಫ್ಲೈ ಒಂದಿದ್ರೂ ಒಂದು ವಾರದಲ್ಲಿ ಅಕ್ಕಪಕ್ಕದ ಕೊಕ್ಕೆಗೆಲ್ಲಾ ತುಕ್ಕು ಹಿಡಿಸತ್ತೆ.